ಮಾಂಸದ ಕೋಳಿಗಳ ಆಹಾರದಲ್ಲಿ ಜೀವಸತ್ವಗಳು ಮತ್ತು ಕಿಣ್ವಗಳು

ಮೊಟ್ಟೆಯೊಡೆದು ಹೊರಬರುವ ಬ್ರಾಯ್ಲರ್ ಮರಿಯ ತೂಕ ಸುಮಾರು 40 ಗ್ರಾಂ. ಆರು ವಾರಗಳೊಳಗಾಗಿ ಅದು 2 ಕಿಲೋಗ್ರಾಂ ಮೀರುತ್ತದೆ. ಇಷ್ಟು ಶೀಘ್ರವಾಗಿ ಬೆಳೆಯುವ ಹಕ್ಕಿಯ ಆಹಾರದಲ್ಲಿ ಅಲ್ಪ ಕೊರತೆಯುಂಟಾದರೂ ಅದರ ಪರಿಣಾಮವು ಬೇಗನೆ ಗೋಚರಿಸುತ್ತದೆ.

ಜೀವಸತ್ವಗಳ ಅರಿವಿಗೆ ಕೋಳಿಗಳೇ ಒಂದು ಮುಖ್ಯ ಕಾರಣವೆಂಬುದು ಸ್ವಾರಸ್ಯಕರ ಸಂಗತಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮಾನ್ ಅವರು, ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳು ಕಾಲುಗಳ ಸ್ವಾಧೀನ ಕಳೆದುಕೊಳ್ಳುವುದನ್ನೂ, ತೌಡು ದೊರೆತಾಗ ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. ತೌಡಿನಲ್ಲಿದ್ದ ಆ ಅಂಶವೇ ಇಂದಿನ ಬಿ1 ಜೀವಸತ್ವ. ಬಿ2 ಕಡಿಮೆಯಾದರೆ ಮರಿಗಳ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಡಿ3 ಕೊರತೆಯಿಂದ ಮೂಳೆಗಳೂ ಕೊಕ್ಕೂ ಮೆದುವಾಗುತ್ತವೆ; ಬಿಸಿಲು ಕಾಣದೆ ಶೆಡ್ಡಿನೊಳಗೇ ಬೆಳೆಯುವ ಹಕ್ಕಿಗೆ ಇದನ್ನು ಆಹಾರದ ಮೂಲಕವೇ ಒದಗಿಸಬೇಕಾಗುತ್ತದೆ. ಸಿ ಜೀವಸತ್ವವನ್ನು ಕೋಳಿಯ ದೇಹವೇ ತಯಾರಿಸಿಕೊಳ್ಳುತ್ತದೆಯಾದರೂ, ಕಡುಬೇಸಿಗೆಯಲ್ಲಿ ಕುಡಿಯುವ ನೀರಿನೊಡನೆ ಕೊಡುವುದು ಉಪಯುಕ್ತ.

ಕಿಣ್ವಗಳ ಕಾರ್ಯ ಬೇರೆಯದು. ಅವು ಪೋಷಕಾಂಶಗಳಲ್ಲ, ಆಹಾರದಲ್ಲಿ ಈಗಾಗಲೇ ಇರುವ ಪೋಷಕಾಂಶಗಳನ್ನು ಬಿಡಿಸಿಕೊಡುವ ಸಾಧನಗಳು. ಮುಸುಕಿನ ಜೋಳ ಮತ್ತು ಸೋಯಾ ಹಿಂಡಿಯಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಬಂಧಿತವಾಗಿರುತ್ತದೆ. ಅದನ್ನು ಒಡೆಯುವ ಕಿಣ್ವ ಕೋಳಿಯ ಕರುಳಿನಲ್ಲಿ ಸಾಕಷ್ಟಿಲ್ಲದ ಕಾರಣ ಬಹುಪಾಲು ರಂಜಕವು ಹಿಕ್ಕೆಯೊಡನೆ ಹೊರಹೋಗುತ್ತದೆ. ಫೈಟೇಸ್ ಸೇರಿಸಿದಾಗ ಈ ರಂಜಕ ಮೂಳೆಗಳಿಗೆ ದೊರೆಯುತ್ತದೆ, ದುಬಾರಿಯಾದ ಡೈಕ್ಯಾಲ್ಸಿಯಂ ಫಾಸ್ಫೇಟಿನ ಪ್ರಮಾಣವನ್ನೂ ತಗ್ಗಿಸಬಹುದು. ಹಾಗೆ ತಗ್ಗಿಸದೆ ಫೈಟೇಸನ್ನೂ ಸೇರಿಸಿದರೆ ಎರಡು ಬಾರಿ ಹಣ ತೆತ್ತಂತೆಯೇ ಸರಿ. ಗೋಧಿ ಹೆಚ್ಚಾಗಿರುವ ಆಹಾರದಿಂದ ಕರುಳಿನಲ್ಲಿ ಅಂಟುತನವುಂಟಾಗಿ ಹಿಕ್ಕೆ ನೀರಾಗುತ್ತದೆ. ಅಲ್ಲಿ ಸೈಲನೇಸ್ ಫಲಕಾರಿ. ಮುಸುಕಿನ ಜೋಳದ ಆಹಾರದಲ್ಲಿ ಅಷ್ಟೇ ಫಲವನ್ನು ನಿರೀಕ್ಷಿಸಲಾಗದು.

ಕಾರ್ಖಾನೆಯಲ್ಲಿ ತಯಾರಾದ ಆಹಾರದಲ್ಲಿ ಸಾಮಾನ್ಯವಾಗಿ ಜೀವಸತ್ವಗಳ ಮಿಶ್ರಣವನ್ನು ಸೇರಿಸಲಾಗಿರುತ್ತದೆ. ಆದುದರಿಂದ ಸಾಕಣೆದಾರರು ಚೀಲದ ಮೇಲಿನ ಚೀಟಿಯನ್ನು ಓದದೆ ಬೇರೆ ಟಾನಿಕ್ಕುಗಳನ್ನು ಕೊಳ್ಳಬಾರದು. ಎ ಮತ್ತು ಡಿ ಜೀವಸತ್ವಗಳು ದೇಹದಲ್ಲಿ ಶೇಖರವಾಗುತ್ತವೆ. ಡಿ ಮಿತಿಮೀರಿದರೆ ಮೂತ್ರಪಿಂಡಗಳಲ್ಲಿ ಸುಣ್ಣದಂಶ ಕಟ್ಟಿಕೊಳ್ಳುತ್ತದೆ. ಮಿಶ್ರಣಗಳನ್ನು ಬಿಸಿಲು ಮತ್ತು ತೇವ ತಾಗದ ಸ್ಥಳದಲ್ಲಿಡಬೇಕು. ಹಳೆಯ ದಾಸ್ತಾನಿನಲ್ಲಿ ಹೆಸರಷ್ಟೇ ಉಳಿದು ಸತ್ವ ಹೋಗಿರುತ್ತದೆ.

ಬೆಳವಣಿಗೆಯ ಹೆಸರಿನಲ್ಲಿ ಪ್ರತಿಜೀವಕಗಳನ್ನು ಬೆರೆಸಿದ ಪುಡಿಗಳನ್ನು ಬಳಸಕೂಡದು. ಕೋಲಿಸ್ಟಿನ್ ಎಂಬ ಪ್ರತಿಜೀವಕವು ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಆಸರೆಯಾಗಿರುವುದರಿಂದ, ಕೋಳಿ ಮೊದಲಾದ ಆಹಾರಪ್ರಾಣಿಗಳಲ್ಲಿ ಅದರ ಬಳಕೆಯನ್ನು ಕೇಂದ್ರ ಸರ್ಕಾರವು 2019ರಲ್ಲಿ ನಿಷೇಧಿಸಿದೆ. ಮರಿಗಳು ಕುಂಟುತ್ತಿದ್ದರೆ ಅಥವಾ ತೂಕ ಏರದಿದ್ದರೆ ಮೊದಲು ಪಶುವೈದ್ಯರನ್ನು ಕಾಣಬೇಕು. ಕೋಳಿಸಾಕಣೆಯ ತರಬೇತಿಯು ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ದೊರೆಯುತ್ತದೆ.