ತಮಾಷೆ ಬಂಗಲೆಯ ವಾರಸುದಾರರು

ಬೆಂಗಳೂರಿನ ದಂಡು ಪ್ರದೇಶದಲ್ಲಿ ಮ್ಯೂಸಿಯಂ ರಸ್ತೆ ಎಂಬ ಹೆಸರಿನ ರಸ್ತೆಯೊಂದಿದೆ. ಕಚೇರಿ, ಶಾಲೆ, ಹೋಟೆಲುಗಳೆಲ್ಲ ಇರುವ ಆ ರಸ್ತೆಯಲ್ಲಿ ಮ್ಯೂಸಿಯಂ ಮಾತ್ರ ಇಲ್ಲ. ನಿತ್ಯ ಅಲ್ಲಿ ಓಡಾಡುವವರಿಗೆ ಇದೊಂದು ಸೋಜಿಗವೆಂದು ತೋರಿದಂತಿಲ್ಲ. ಊರಿನ ಹೆಸರುಗಳ ಅರ್ಥ ಕೇಳುವ ವ್ಯವಧಾನವನ್ನು ನಾವು ಬಹುಕಾಲದ ಹಿಂದೆಯೇ ಕಳೆದುಕೊಂಡಿದ್ದೇವೆ.

ಆ ಹೆಸರಿಗೆ ಕಾರಣವಾದದ್ದು 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅದಕ್ಕೆ ಅಧಿಕಾರದ ಬೆಂಬಲವಿತ್ತರು. ಮದರಾಸಿನಲ್ಲಿ ಅಂಥದೇ ಸಂಸ್ಥೆಯನ್ನು ಅದಾಗಲೇ ಕಟ್ಟಿದ್ದ ಸೇನಾ ವೈದ್ಯ ಎಡ್ವರ್ಡ್ ಬಾಲ್ಫರ್ ಅದಕ್ಕೆ ರೂಪ ಕೊಟ್ಟರು. ದಂಡಿನ ಹಳೆಯ ಜೈಲು ಕಟ್ಟಡವೇ ಅದರ ಮೊದಲ ಮನೆ. 1877ರ ಹೊತ್ತಿಗೆ ಅದು ಕರ್ನಲ್ ರಿಚರ್ಡ್ ಸ್ಯಾಂಕಿ ರೂಪಿಸಿದ ಕೆಂಪು ಕಟ್ಟಡಕ್ಕೆ, ಇಂದಿನ ಕಸ್ತೂರಬಾ ರಸ್ತೆಗೆ, ಸ್ಥಳಾಂತರಗೊಂಡಿತು. ಹೆಸರು ಹಳೆಯ ರಸ್ತೆಯಲ್ಲೇ ಉಳಿಯಿತು. ಜನರು ಅದನ್ನು ಮ್ಯೂಸಿಯಂ ಎಂದು ಕರೆಯುತ್ತಿರಲಿಲ್ಲ. ‘ತಮಾಷೆ ಬಂಗಲೆ’ ಎನ್ನುತ್ತಿದ್ದರು. ಸತ್ತ ಪ್ರಾಣಿಗಳನ್ನು ಬದುಕಿದಂತೆಯೇ ನಿಲ್ಲಿಸಿದ, ಹಳೆಯ ಕಲ್ಲುಗಳನ್ನು ಮನೆಯೊಳಗೆ ತಂದಿರಿಸಿದ ಸ್ಥಳಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ.

ಈ ಹೆಸರಿನಲ್ಲಿ ಲಘುತ್ವ ಕಂಡವರು ಇದ್ದಾರೆ. ನನಗೆ ಕಾಣುವುದು ಸಲಿಗೆ. ತಮಾಷೆ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ, ಓದು ಬರಹ ಬೇಕಿಲ್ಲ, ಜೊತೆಗೆ ನಾಲ್ಕು ಜನ ಇದ್ದರೆ ಸಾಕು. ಕಾಲಕ್ರಮದಲ್ಲಿ ಈ ಸಲಿಗೆ ಹೋಯಿತು. ಮ್ಯೂಸಿಯಂ ಎಂದರೆ ಸಾಲಾಗಿ ನಿಂತ ಶಾಲಾ ಮಕ್ಕಳು, ‘ಮುಟ್ಟಬೇಡಿ’ ಎಂಬ ಫಲಕ, ಪ್ರವಾಸಿಗರ ಬಸ್ಸು ಎಂಬ ಭಾವನೆ ಬೇರೂರಿತು. ವಯಸ್ಕರಾದ ಊರಿನವರೇ ಒಂದು ರಜೆಯ ದಿನ ಗೆಳೆಯರೊಡನೆ ಅಲ್ಲಿಗೆ ಹೋಗುವುದು ವಿಚಿತ್ರವೆನಿಸತೊಡಗಿತು.

ಕೆಲವು ವರ್ಷಗಳ ಹಿಂದೆ ನಾವು ಮೂವರು ಈ ವಿಚಿತ್ರವನ್ನು ಮಾಡಿದೆವು. ಒಬ್ಬರು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ನಡೆಸುವವರು. ಹುಟ್ಟಿದ್ದು ಬೌರಿಂಗ್ ಆಸ್ಪತ್ರೆಯಲ್ಲಿ, ಬೆಳೆದದ್ದು ಅದರ ಸದ್ದು ಕೇಳುವಷ್ಟು ದೂರದಲ್ಲಿ. ಮನೆಮಾತು ಉರ್ದು. ಇನ್ನೊಬ್ಬರು ಹಲಸೂರಿನ ನಿವೃತ್ತ ಮೇಷ್ಟ್ರು, ಮನೆಮಾತು ತಮಿಳು. ಹೊಲಿಗೆಯ ಮಿತ್ರರಿಗೆ ಐವತ್ತು ದಾಟಿತ್ತು. ಎರಡು ಮೂರು ಕಿಲೋಮೀಟರು ದೂರದ ಆ ಕೆಂಪು ಕಟ್ಟಡದ ಮುಂದೆ ಅವರು ಸಾವಿರ ಸಲ ಹಾದುಹೋಗಿದ್ದರು. ಒಳಗೆ ಒಮ್ಮೆಯೂ ಹೋಗಿರಲಿಲ್ಲ. ಕಾರಣ ಕೇಳಿದರೆ, “ಅದು ನಮ್ಮಂಥವರಿಗೆ ಅಂತ ಅನ್ನಿಸಿರಲಿಲ್ಲ” ಎಂದರು. ಟಿಕೆಟ್ಟಿಗೆ ಕೊಟ್ಟ ಹಣ ಅಲ್ಲಿಯವರೆಗಿನ ಆಟೋ ಬಾಡಿಗೆಗಿಂತ ಕಡಿಮೆಯಿತ್ತು. ಅವರನ್ನು ಇಷ್ಟು ವರ್ಷ ಹೊರಗೆ ನಿಲ್ಲಿಸಿದ್ದು ಹಣವಲ್ಲ.

ಹೊಯ್ಸಳ ಶಿಲ್ಪಗಳನ್ನು ಎಲ್ಲರೂ ಮೆಚ್ಚುವಂತೆ ನಾವೂ ಮೆಚ್ಚಿ ಮುಂದೆ ನಡೆದೆವು. ಕಾಲು ನಿಂತದ್ದು ಆತಕೂರಿನ ಶಾಸನದ ಎದುರು. ಈಗಿನ ಮಂಡ್ಯ ಜಿಲ್ಲೆಯಲ್ಲಿ ದೊರೆತ, ಕ್ರಿ.ಶ. 949-50ರ ಈ ಕಲ್ಲಿನ ಬರಹವನ್ನು ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದ್ದರು. ಆ ಪಾಠದ ಜೆರಾಕ್ಸ್ ಪ್ರತಿ ನನ್ನ ಚೀಲದಲ್ಲಿತ್ತು. ನಮ್ಮ ವಸ್ತುಸಂಗ್ರಹಾಲಯಗಳ ಫಲಕಗಳು ಸಾಮಾನ್ಯವಾಗಿ ಕಾಲ, ಸ್ಥಳ, ರಾಜವಂಶ ಎಂಬ ಮೂರು ಮಾತಿಗೆ ಮುಗಿಯುತ್ತವೆ. ಹಳಗನ್ನಡದ ಕಲ್ಲು ಇಂದಿನ ಕನ್ನಡಿಗನಿಗೂ ಮೂಕವಾಗಿಯೇ ಉಳಿಯುತ್ತದೆ.

ಆ ಕಲ್ಲು ಹೇಳುವುದು ಎರಡು ಕಥೆ. ಮೊದಲನೆಯದು ತಕ್ಕೋಲದ ಯುದ್ಧದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೆ ನೆರವಾಗಿ ಹೋರಾಡಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದು, ಬನವಾಸಿ ಮೊದಲಾದ ನಾಡುಗಳನ್ನು ಮೆಚ್ಚುಗೆಯ ಕೊಡುಗೆಯಾಗಿ ಪಡೆದ. ಎರಡನೆಯದು ಮಣಲೇರನೆಂಬ ವೀರನದು. ಒಡೆಯ ಅವನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಕೇಳು ಎಂದಾಗ ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಕೆಳಲೆನಾಡಿನಲ್ಲಿ ಆ ನಾಯಿ ಹಿರಿಯ ಹಂದಿಯೊಂದರೊಡನೆ ಕಾದಾಡಿ, ಎರಡೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಟು ಮಾಡಲಾಯಿತು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ.

“ಯುದ್ಧ ಗೆದ್ದವರ ಚಿತ್ರ ಎಲ್ಲಿ ಮೇಷ್ಟ್ರೇ?” ಎಂದು ಹೊಲಿಗೆಯ ಮಿತ್ರರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಕಲ್ಲಿನಲ್ಲಿ ಕಂಡರಿಸಿರುವುದು ನಾಯಿ ಮತ್ತು ಹಂದಿಯನ್ನು ಮಾತ್ರ. ದಕ್ಷಿಣ ಭಾರತದ ಚರಿತ್ರೆಯ ದಿಕ್ಕು ಬದಲಿಸಿದ ಯುದ್ಧ ಅಕ್ಷರಗಳಲ್ಲಷ್ಟೇ ಇದೆ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, ತಕ್ಕೋಲಂ ತಮ್ಮ ತಾಯಿಯ ತವರಿಗೆ ಹತ್ತಿರ, ಅರಕ್ಕೋಣದಿಂದ ಬಸ್ಸಿನಲ್ಲಿ ಹೋಗುವ ಊರು ಎಂದರು. “ನಮ್ಮ ರಾಜಾದಿತ್ಯ ಸತ್ತದ್ದಕ್ಕೆ ಇವತ್ತಿನ ಊಟ ನಿಮ್ಮ ಲೆಕ್ಕ” ಎಂದು ನನ್ನತ್ತ ನೋಡಿ ನಕ್ಕರು. 1991ರ ಡಿಸೆಂಬರಿನ ಕಾವೇರಿ ಗಲಭೆಯ ದಿನಗಳನ್ನು ಹಲಸೂರಿನ ಮನೆಯ ಬಾಗಿಲು ಹಾಕಿಕೊಂಡು ಕಳೆದವರು ಅವರು. ಕನ್ನಡ ತಮಿಳುಗಳ ಜಗಳ ಅವರಿಗೆ ಪಠ್ಯಪುಸ್ತಕದ ಸಂಗತಿಯಲ್ಲ. ಆದರೂ ಸಾವಿರ ವರ್ಷದ ಹಿಂದಿನ ಸೋಲಿನ ಎದುರು ನಿಂತು ಅವರು ಹಾಸ್ಯ ಮಾಡಬಲ್ಲವರಾಗಿದ್ದರು. ಬೀದಿಯಲ್ಲಿ ಆ ಮಾತಿಗೆ ಬೇರೆಯೇ ಅರ್ಥ ಬರುತ್ತಿತ್ತು. ಬಹುಶಃ ಮ್ಯೂಸಿಯಂನ ಒಳಗೆ ಮಾತ್ರ ಇಂಥ ನಗೆ ಸಾಧ್ಯ.

ಅಲ್ಲಿಯೇ ಬೇಗೂರಿನ ವೀರಗಲ್ಲೂ ಇದೆ. ಆನೆ, ಕುದುರೆ, ಕಾಲಾಳುಗಳು ಒಂದರ ಮೇಲೊಂದು ಬಿದ್ದಂತೆ ಇಡೀ ರಣರಂಗವನ್ನೇ ಕೆತ್ತಿದ ಗಂಗರ ಕಾಲದ ಶಿಲೆ. ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನೆಂಬ ವೀರನ ಸ್ಮಾರಕವದು. ‘ಬೆಂಗಳೂರು’ ಎಂಬ ಹೆಸರುಳ್ಳ ಪ್ರಸಿದ್ಧ ಶಾಸನವೂ ಬೇಗೂರಿನದೇ, ಆದರೆ ಅದು ಆ ಊರಿನ ನಾಗೇಶ್ವರ ದೇವಾಲಯದಲ್ಲೇ ಉಳಿದಿದೆ. ಊರಿನ ಹೆಸರು ಇಷ್ಟು ಹಳೆಯದೆಂದು ಕೇಳಿ ಶಿವಾಜಿನಗರದ ಮಿತ್ರರು ಬೆರಗಾದರು. 1809ರಲ್ಲಿ ದಂಡು ಬಂದಮೇಲೆಯೇ ತಮ್ಮ ಕಡೆಯ ಚರಿತ್ರೆ ಶುರುವಾಯಿತೆಂದು ಅವರು ನಂಬಿದ್ದರು. ಅವರ ಬಡಾವಣೆಯ ಹಳೆಯ ಹೆಸರು ಬ್ಲಾಕ್‌ಪಳ್ಳಿ. ಅದು ‘ಬಿಳಿ ಅಕ್ಕಿ ಪಳ್ಳಿ’ಯ ಅಪಭ್ರಂಶವೆಂದು ಹೇಳುವವರೂ ಉಂಟು. ನಿಜವೋ ಜಾಣ ಕಲ್ಪನೆಯೋ, ದಂಡಿಗಿಂತ ಮೊದಲು ಅಲ್ಲಿ ಊರಿತ್ತು, ಹೊಲವಿತ್ತು ಎಂಬ ನೆನಪು ಅದರಲ್ಲಿದೆ.

ದಂಡು ಪ್ರದೇಶಕ್ಕೆ ಕನ್ನಡದ ಗತವಿಲ್ಲ ಎಂದು ಕೆಲವರು, ಅಲ್ಲಿನವರಿಗೆ ಕನ್ನಡದ ಗತದಲ್ಲಿ ಪಾಲಿಲ್ಲ ಎಂದು ಇನ್ನು ಕೆಲವರು ಭಾವಿಸಿದ್ದಾರೆ. ಎರಡೂ ಒಂದೇ ತಪ್ಪಿನ ಎರಡು ಮುಖಗಳು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಶ್ರೀಪುರುಷನ ಕಾಲದ್ದು, ಎಂಟನೆಯ ಶತಮಾನದ್ದು. ಅದಕ್ಕೆ ಊರವರೇ ಮುಂದೆ ನಿಂತು ಮಂಟಪ ಕಟ್ಟಿಸಿದರು. ಮಿಥಿಕ್ ಸೊಸೈಟಿಯು ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುವ ಕೆಲಸ ಕೈಗೊಂಡಿತು. ಅಕ್ಷರ ಸವೆದುಹೋಗುವ ಮೊದಲು ಉಳಿಸುವ ಇಂಥ ಪ್ರಯತ್ನಗಳ ಬೆಲೆ ದೊಡ್ಡದು. ಆದರೆ ಉಳಿಸಿದ್ದನ್ನು ಜನರೆದುರು ಓದಿ ಹೇಳುವ ಕೆಲಸ ಬಾಕಿಯಿದೆ. ಭಾನುವಾರಕ್ಕೊಮ್ಮೆ ಒಂದು ಕಲ್ಲನ್ನು ಕನ್ನಡದಲ್ಲಿ, ಬೇಕಾದರೆ ಉರ್ದು ತಮಿಳುಗಳಲ್ಲೂ, ಗಟ್ಟಿಯಾಗಿ ಓದಿ ಅರ್ಥ ಹೇಳುವುದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಒಬ್ಬ ಓದುಗ, ಒಂದು ಮಣೆ ಸಾಕು.

ಅಂದು ಊಟದ ಹಣ ನಾನೇ ಕೊಟ್ಟೆ. ಮುಂದಿನ ತಿಂಗಳು ಹೊರಟದ್ದು ದೊಮ್ಮಲೂರಿನ ಚೊಕ್ಕನಾಥ ದೇವಾಲಯಕ್ಕೆ. ಅಲ್ಲಿ ತಮಿಳು ಶಾಸನಗಳಿವೆ; ಓದುವ ಸರದಿ ಮೇಷ್ಟ್ರದು. ಹದಿಮೂರನೆಯ ಶತಮಾನದ ತಮಿಳು ತಮಗೂ ಪೂರ್ತಿ ದಕ್ಕುವುದಿಲ್ಲವೆಂದು ಅವರು ಮೊದಲೇ ಎಚ್ಚರಿಸಿದ್ದರು. ಹೊಲಿಗೆಯ ಮಿತ್ರರು ಈ ಬಾರಿ ಮಗನನ್ನೂ ಕರೆತಂದಿದ್ದರು.