ನಾವಿಕರ ಅಹವಾಲು

೧೯೪೬ನೆಯ ಇಸವಿ ಫೆಬ್ರವರಿ ೧೮ರಂದು ಮುಂಬಯಿಯ 'ತಲವಾರ್' ನೌಕಾ ಸಂಕೇತಶಾಲೆಯ ನಾವಿಕರು ಬೆಳಗಿನ ಉಪಾಹಾರವನ್ನು ಮುಟ್ಟದೆ ಕೆಲಸಕ್ಕೆ ನಿರಾಕರಿಸಿದ ಸಂಗತಿಯನ್ನು ವಾಚಕರು ಬಲ್ಲರು. ಅಂದಿನ ಸರಕಾರವು ಅದನ್ನು ದಂಗೆಯೆಂದಿತು; ನಾವಿಕರಾದರೋ ಮುಷ್ಕರವೆಂದರು. ತಮ್ಮನ್ನು ಅವಾಚ್ಯವಾಗಿ ನಿಂದಿಸಿದ ಅಧಿಕಾರಿಯೊಬ್ಬನ ವಿಷಯವಾಗಿ ಅವರು ಅದಕ್ಕೆ ಮೊದಲೇ ದೂರು ಸಲ್ಲಿಸಿದ್ದರು, ಅದೂ ಒಬ್ಬೊಬ್ಬರಾಗಿ. ಹತ್ತು ಮಂದಿ ಕೂಡಿ ದೂರಿತ್ತರೆ ಅದೇ ಅಪರಾಧವೆನಿಸುವ ಕಾಲವದು.

ಒಂಟಿ ದನಿಗೆ ಬೆಲೆಯಿಲ್ಲದುದನ್ನು ಕಂಡ ಮೇಲೆ ಅವರು ಮುಷ್ಕರದ ಕೇಂದ್ರ ಸಮಿತಿಯನ್ನು ಆರಿಸಿಕೊಂಡರು. ಎಂ. ಎಸ್. ಖಾನರು ಅಧ್ಯಕ್ಷರು, ಮದನಸಿಂಗರು ಉಪಾಧ್ಯಕ್ಷರು. ಕೋಮುದ್ವೇಷವು ದೇಶವನ್ನು ವ್ಯಾಪಿಸುತ್ತಿದ್ದ ಆ ದಿನಗಳಲ್ಲಿ ಮುಸಲ್ಮಾನನೂ ಸಿಖ್ಖನೂ ಒಂದೇ ಸಮಿತಿಯ ಮುಂದಾಳುಗಳಾದುದು ಸಾಮಾನ್ಯವಲ್ಲ. ತಿನ್ನಲು ಯೋಗ್ಯವಾದ ಆಹಾರ, ಬಿಳಿಯ ನಾವಿಕರಿಗೆ ಸಮನಾದ ಸಂಬಳ, ಅಧಿಕಾರಿಯ ಮೇಲೆ ಕ್ರಮ. ಇವುಗಳೊಡನೆ ಆಜಾದ್ ಹಿಂದ್ ಸೇನೆಯ ಸೆರೆಯಾಳುಗಳ ಬಿಡುಗಡೆ, ಇಂಡೋನೇಶಿಯದಿಂದ ಭಾರತೀಯ ಪಡೆಗಳ ವಾಪಸಾತಿ. ಇವು ಅವರ ಬೇಡಿಕೆಗಳು. ಸೈನಿಕನಿಗೆ ರಾಜಕೀಯವೇಕೆಂದು ಕೇಳುವವರುಂಟು. ಪರರ ದಾಸ್ಯವನ್ನು ಕಾಯಲು ಪರದೇಶಕ್ಕೆ ಕಳುಹಿಸಲ್ಪಡುವವನಿಗೆ ಆ ಪ್ರಶ್ನೆಯನ್ನು ಹಾಕುವ ಧೈರ್ಯ ನಮಗಿಲ್ಲ.

ಕಾಂಗ್ರೆಸ್ಸು ಅವರಿಗೆ ಕಿರುಕುಳವಾಗದಂತೆ ಯತ್ನಿಸುವುದೆಂಬ ಸರದಾರ ಪಟೇಲರ ಭರವಸೆಯನ್ನು ನಂಬಿ ೨೩ರಂದು ಸಮಿತಿಯು ಶರಣಾಯಿತು. ನೂರಾರು ಮಂದಿ ನೌಕರಿ ಕಳೆದುಕೊಂಡರು. ಸ್ವಾತಂತ್ರ್ಯ ಬಂದ ಬಳಿಕವೂ ನೌಕಾದಳದ ಬಾಗಿಲು ಅವರಿಗೆ ತೆರೆಯಲಿಲ್ಲವೆಂಬುದನ್ನು ನೋವಿನಿಂದಲೇ ಹೇಳಬೇಕಾಗಿದೆ.

ಸ್ವತಂತ್ರ ಭಾರತವೂ ಈ ವಿಷಯದಲ್ಲಿ ಎಚ್ಚರಿಕೆಯನ್ನೇ ಹಿಡಿಯಿತು. ಸೇನೆಯವರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂವಿಧಾನದ ೩೩ನೆಯ ಅನುಚ್ಛೇದವು ಸಂಸತ್ತಿಗಿತ್ತಿದೆ. ೧೯೫೭ರ ನೌಕಾ ಕಾಯಿದೆಯ ಮೇರೆಗೆ ಕೇಂದ್ರ ಸರಕಾರದ ಅನುಮತಿಯಿಲ್ಲದೆ ನಾವಿಕನು ಕಾರ್ಮಿಕ ಸಂಘವನ್ನು ಸೇರುವಂತಿಲ್ಲ. ಅಮೆರಿಕವೂ ೧೯೭೮ರಲ್ಲಿ ಸೈನಿಕ ಸಂಘಗಳನ್ನು ನಿಷೇಧಿಸಿತು. ಜರ್ಮನಿಯಲ್ಲಾದರೋ ೧೯೫೬ರಿಂದಲೇ ಸೈನಿಕರ ಒಂದು ಸಂಘವಿದ್ದು, ಮುಷ್ಕರದ ಹಕ್ಕಿಲ್ಲದೆಯೇ ಅವರ ಪರವಾಗಿ ಮಾತನಾಡುತ್ತ ಬಂದಿದೆ. ಅದರಿಂದ ಅಲ್ಲಿಯ ಶಿಸ್ತು ಕೆಟ್ಟಿತೆಂದು ನಾವು ಕೇಳಿಲ್ಲ.

ಮುಷ್ಕರದ ಹಕ್ಕನ್ನು ನಾವೂ ಬೇಡುತ್ತಿಲ್ಲ; ತೋಪಿನ ಬಳಿ ನಿಂತವನು ಕೈಕಟ್ಟಿ ಕುಳಿತರೆ ದೇಶದ ಗತಿಯೇನು? ೨೦೦೭ರ ಕಾಯಿದೆಯಿಂದ ಸಶಸ್ತ್ರ ಪಡೆಗಳ ನ್ಯಾಯಾಧಿಕರಣವು ಏರ್ಪಟ್ಟುದು ಒಳ್ಳೆಯದೇ ಆಯಿತು. ಆದರೆ ಹಡಗಿನ ಅಡಿಗೆಯು ಕೆಟ್ಟಿದ್ದರೆ ಅದು ಒಬ್ಬನ ವ್ಯಾಜ್ಯವಲ್ಲ, ಉಣ್ಣುವವರೆಲ್ಲರದು. ಅವರೆಲ್ಲರ ಪರವಾಗಿ ಅವರೇ ಆರಿಸಿದವನೊಬ್ಬನು ಮೇಲಧಿಕಾರಿಯ ಮುಂದೆ ನಿರ್ಭಯವಾಗಿ ನಿಂತು ಮಾತನಾಡುವ ಏರ್ಪಾಡನ್ನು ಸರಕಾರವು ಮಾಡಿಕೊಡಬೇಕು.