ನಾಲ್ಕರ ಮಗ್ಗಿಯಿಂದ ಒಂದು ಹೆಗಲ ಚೀಲ



ನಮ್ಮ ಕಡೆ ಕೌದಿ ಗೊತ್ತಿಲ್ಲದವರು ಯಾರೂ ಇಲ್ಲ. ಉಮರ್ಗಾ ಇರಲಿ, ನಿಲಂಗಾ ಇರಲಿ, ಉದಗೀರ ಇರಲಿ, ಮನೆಯಲ್ಲಿ ಒಂದಾದರೂ ಕೌದಿ ಇರುತ್ತದೆ. ಮರಾಠಿಯವರು ಅದಕ್ಕೆ ಗೋಧಡಿ ಅಂತಾರ. ಹಳೆ ಸೀರೆಯ ತುಂಡು, ಹರಿದ ಧೋತರದ ತುಂಡು, ಹುಡುಗರ ಅಂಗಿಯ ತುಂಡು. ಎಲ್ಲ ಕೂಡಿಸಿ ಹೊಲಿದರೆ ಒಂದು ಹಾಸಿಗೆ.

ದಾರದಲ್ಲಿಯೂ ಇಂಥದೇ ಒಂದು ಕೆಲಸ ಇದೆ. ಉಳಿದ ಬಣ್ಣದ ಉಲ್ಲನ್ ದಾರದಿಂದ ಸಣ್ಣ ಸಣ್ಣ ಚೌಕ ಹೆಣೆಯುವುದು. ಆಮೇಲೆ ಚೌಕಗಳನ್ನು ಜೋಡಿಸುವುದು. ಇಂಗ್ಲಿಷಿನವರು ಇದಕ್ಕೆ ಗ್ರ್ಯಾನಿ ಸ್ಕ್ವೇರ್ ಅಂತಾರ. ಅಂದರೆ ಅಜ್ಜಿಯ ಚೌಕ. 1885ರಲ್ಲಿ ಅಮೇರಿಕದ ಪ್ರೇರಿ ಫಾರ್ಮರ್ ಎಂಬ ರೈತರ ಪತ್ರಿಕೆಯಲ್ಲಿ ಇದರ ಮಾದರಿ ಅಚ್ಚಾಗಿತ್ತು. ಅಲ್ಲಿಯೂ ಇದು ಹಳ್ಳಿಯ ಮನೆಯ ಕೆಲಸವೇ ಆಗಿತ್ತು.

ಈ ಪಾಠದಲ್ಲಿ ಅಂಥ 18 ಚೌಕ ಹೆಣೆದು ಒಂದು ಹೆಗಲ ಚೀಲ ಮಾಡೋಣ. ಅದರ ಲೆಕ್ಕವನ್ನೂ ಬರೆಯೋಣ. ಲೆಕ್ಕ ಯಾಕೆ ಎಂಬುದನ್ನು ಮೊದಲು ಹೇಳುತ್ತೇನೆ.

ನಮ್ಮ ಒಂದು ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಇಂಥ ಚೀಲ ಹೆಣೆದು ಮಾರಿದರು.

“ಎಷ್ಟಕ್ಕ ಕೊಟ್ರಿ?” ಎಂದು ಕೇಳಿದೆ.

“ಮುನ್ನೂರೈವತ್ತು.”

“ಎಷ್ಟು ತಾಸು ಹಿಡೀತು?”

ಅಕ್ಕ ನಕ್ಕರು. “ಅದನ್ಯಾರು ಎಣಸ್ತಾರ್ರಿ? ಅಡಗಿ ಆದ ಮ್ಯಾಲ ಕುಂತು ಮಾಡಿದೆ.”

ತಪ್ಪು ನನ್ನದೇ. ನಾನು ಅವರಿಗೆ ಹೆಣಿಗೆ ಕಲಿಸಿದ್ದೆ. ಲೆಕ್ಕ ಕಲಿಸಿರಲಿಲ್ಲ. ಈ ಪಾಠದಲ್ಲಿ ಎರಡನ್ನೂ ಕೂಡಿಸಿ ಬರೆದಿದ್ದೇನೆ.

ಬೇಕಾಗುವ ಸಾಮಾನು

1. ಮಧ್ಯಮ ದಪ್ಪದ ಉಲ್ಲನ್ ದಾರ, ಒಟ್ಟು 250 ಗ್ರಾಂ. ಕಪ್ಪು 150 ಗ್ರಾಂ. ಕೆಂಪು, ಹಳದಿ, ಹಸಿರು, ನೀಲಿ ತಲಾ 25 ಗ್ರಾಂ.
2. ಕ್ರೋಶಾ ಸೂಜಿ ಒಂದು. ಸೂಜಿಯ ಹಿಡಿಕೆಯ ಮೇಲೆ ಅಂಕಿ ಇರುತ್ತದೆ. 4 ಎಂದು ಇರುವುದನ್ನು ಓದಿ ತಗೋರಿ. ಅಂದರೆ 4 ಮಿಲಿಮೀಟರ್.
3. ಮೊಂಡ ತುದಿಯ ದೊಡ್ಡ ಸೂಜಿ, ಕತ್ತರಿ, ಅಳತೆ ಟೇಪು.
4. ಅಸ್ತರಿಗೆ ಹಳೆ ಹತ್ತಿ ಸೀರೆಯ ತುಂಡು. 13 ಇಂಚು ಅಗಲ, 26 ಇಂಚು ಉದ್ದ.
5. ಒಂದು ದೊಡ್ಡ ಗುಂಡಿ.

ಕಪ್ಪು ದಾರವನ್ನು ಒಂದೇ ಸಲಕ್ಕೆ ಪೂರ್ತಿ ತಗೋರಿ. ಮುಂದಿನ ತಿಂಗಳು ಹೋದರೆ ಅದೇ ಬಣ್ಣ ಸಿಗುವುದಿಲ್ಲ. ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ.

ಅಂಗಡಿಯಲ್ಲಿ ಉಲ್ಲನ್‌ಗೆ ಲೋಕರ ಅಂತಾರ. ನಾವು ಸರಪಳಿ ಅನ್ನುವುದು ಮರಾಠಿಯಲ್ಲಿ ಸಾಖಳಿ. ನಮ್ಮ ಕಂಬ ಅವರ ಖಾಂಬ. ನಿಲಂಗಾ ಮತ್ತು ಉದಗೀರ ತಾಲೂಕು 1956ರ ತನಕ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಆಮೇಲೆ ಗಡಿ ಬದಲಾಯಿತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ನಮಗೆ ರೂಢಿ. ಎರಡೂ ಹೆಸರು ಗೊತ್ತಿದ್ದರೆ ಸಾಮಾನು ತರುವುದು ಸುಲಭ.

ಮೊದಲು ನಾಲ್ಕು ಹೆಣಿಗೆ ಕಲಿಯೋಣ

ಸರಪಳಿ: ದಾರದ ತುದಿಗೆ ಜಾರುವ ಗಂಟು ಹಾಕಿ ಸೂಜಿಗೆ ಏರಿಸ್ರಿ. ಸೂಜಿಯ ಮೇಲೆ ಒಂದು ಕುಣಿಕೆ ಬಂತು. ಈಗ ಕೊಕ್ಕೆಗೆ ದಾರ ಹಿಡಿದು ಆ ಕುಣಿಕೆಯೊಳಗಿಂದ ಎಳೀರಿ. ಒಂದು ಸರಪಳಿ ಆಯಿತು. ಹೀಗೆಯೇ ಮುಂದೆ.

ಕೊಂಡಿ: ಕೂಡಿಸಬೇಕಾದ ಜಾಗದಲ್ಲಿ ಸೂಜಿ ಚುಚ್ಚಿ. ದಾರ ಹಿಡಿದು ಎಲ್ಲದರೊಳಗಿಂದ ಒಮ್ಮೆಲೇ ಎಳೀರಿ. ಇದರಿಂದ ಸುತ್ತು ಮುಚ್ಚುತ್ತದೆ.

ಕಂಬ: ಸೂಜಿಗೆ ದಾರ ಒಂದು ಸುತ್ತು ಹಾಕ್ರಿ. ತೂತಿನಲ್ಲಿ ಚುಚ್ಚಿ ದಾರ ಎಳೀರಿ. ಸೂಜಿಯ ಮೇಲೆ 3 ಕುಣಿಕೆ ಇರಬೇಕು. ದಾರ ಹಿಡಿದು 2 ಕುಣಿಕೆಯಿಂದ ಎಳೀರಿ. 2 ಉಳಿಯಿತು. ಮತ್ತೆ ದಾರ ಹಿಡಿದು 2 ಕುಣಿಕೆಯಿಂದ ಎಳೀರಿ. 1 ಉಳಿಯಿತು. ಕಂಬ ಆಯಿತು. ಬಾಯಲ್ಲಿ “ಮೂರು, ಎರಡು, ಒಂದು” ಅನ್ನುತ್ತಾ ಮಾಡ್ರಿ. ತಪ್ಪುವುದಿಲ್ಲ.

ಗಿಡ್ಡ ಕಂಬ: ಸೂಜಿಗೆ ದಾರ ಸುತ್ತುವುದು ಬೇಡ. ಹಂಗೇ ಚುಚ್ಚಿ ದಾರ ಎಳೀರಿ. 2 ಕುಣಿಕೆ ಬಂತು. ದಾರ ಹಿಡಿದು ಎರಡರಿಂದಲೂ ಎಳೀರಿ. ಇದು ಚೀಲದ ಬಾಯಿಗೂ ಪಟ್ಟಿಗೂ ಬೇಕು.

ಮೊದಲ ದಿನ ಇಷ್ಟೇ ಸಾಕು. ಕೈ ಕೂಡುವ ತನಕ ಹೆಣೀರಿ, ಬಿಚ್ಚಿರಿ. ದಾರ ಹಾಳಾಗುವುದಿಲ್ಲ.

ಮಾದರಿಯನ್ನು ಬರೆದುಕೊಳ್ಳಿ

ನೀವು ಈಗ ಓದು ಬರಹ ಬಲ್ಲವರು. ಮಾದರಿಯನ್ನು ನೆನಪಿನಲ್ಲಿಯೇ ಇಡಬೇಕಾಗಿಲ್ಲ. ಚೀಟಿಯಲ್ಲಿ ಬರೆಯಬಹುದು. ಸರಪಳಿಗೆ “ಸ”, ಕಂಬಕ್ಕೆ “ಕಂ” ಎಂದು ಬರೀರಿ. ಒಂದೇ ತೂತಿನಲ್ಲಿ ಹಾಕಿದ 3 ಕಂಬಕ್ಕೆ ನಾವು ಒಂದು ಗೊಂಚಲು ಎನ್ನೋಣ. ಚೌಕದ ಮೂಲೆಯನ್ನು ಹೀಗೆ ಬರೆಯಬೇಕು:

ಮೂಲೆ = 3 ಕಂ, 2 ಸ, 3 ಕಂ.

ಅಂದರೆ ಒಂದೇ ತೂತಿನಲ್ಲಿ ಒಂದು ಗೊಂಚಲು, 2 ಸರಪಳಿ, ಮತ್ತೊಂದು ಗೊಂಚಲು. ಈ ಚೀಟಿಯನ್ನು ಪುಣೆಯಲ್ಲಿರುವ ಮಗಳಿಗೆ ಕಳಿಸಿದರೆ ಅವಳೂ ಓದಿ ಹೆಣೆಯಬಹುದು.

ಚೌಕ ಹೆಣೆಯುವುದು

1ನೇ ಸುತ್ತು: 4 ಸ ಹಾಕಿ, ಮೊದಲನೆಯದಕ್ಕೆ ಕೊಂಡಿ ಹಾಕ್ರಿ. ಉಂಗುರ ಆಯಿತು. ಈಗ 3 ಸ ಹಾಕ್ರಿ. ಇದು ಒಂದು ಕಂಬಕ್ಕೆ ಸಮ. ಉಂಗುರದೊಳಗೆ 2 ಕಂ ಹಾಕ್ರಿ. ಒಂದು ಗೊಂಚಲು ಆಯಿತು. 2 ಸ. ಮತ್ತೆ 3 ಕಂ, 2 ಸ. ಮತ್ತೆ 3 ಕಂ, 2 ಸ. ಮತ್ತೆ 3 ಕಂ, 2 ಸ. ಮೊದಲು ಹಾಕಿದ 3 ಸರಪಳಿಯ ತಲೆಗೆ ಕೊಂಡಿ ಹಾಕಿ ದಾರ ಕತ್ತರಿಸ್ರಿ. ಒಟ್ಟು 4 ಗೊಂಚಲು, 4 ಮೂಲೆ.

2ನೇ ಸುತ್ತು: ಹೊಸ ಬಣ್ಣ. ಯಾವುದಾದರೂ ಮೂಲೆಯ ತೂತಿನಲ್ಲಿ ದಾರ ಕಟ್ಟಿರಿ. ಇಲ್ಲಿಯೂ ಮೊದಲ ಕಂಬದ ಬದಲಿಗೆ 3 ಸ. ನಾಲ್ಕೂ ಮೂಲೆಗೆ “ಮೂಲೆ” ಹಾಕ್ರಿ. ಮೂಲೆಯಿಂದ ಮೂಲೆಗೆ ಹೋಗುವಾಗ 1 ಸ. ಕೊನೆಗೆ ಕೊಂಡಿ. ಒಟ್ಟು 8 ಗೊಂಚಲು.

3ನೇ ಸುತ್ತು: ಮತ್ತೊಂದು ಬಣ್ಣ. ಮೂಲೆಗಳು ಮೊದಲಿನಂತೆ. ಮೂಲೆಗಳ ನಡುವೆ ಪ್ರತಿ ಬದಿಯಲ್ಲಿ ಒಂದು ತೂತು ಇದೆ. ಅದರಲ್ಲಿ ಒಂದು ಗೊಂಚಲು. ಗೊಂಚಲಿನ ಆಚೆ ಈಚೆ 1 ಸ. ಒಟ್ಟು 12 ಗೊಂಚಲು.

4ನೇ ಸುತ್ತು: ಕಪ್ಪು ಬಣ್ಣ. ಈಗ ಪ್ರತಿ ಬದಿಯಲ್ಲಿ ಎರಡು ತೂತು. ಎರಡರಲ್ಲಿಯೂ ಒಂದೊಂದು ಗೊಂಚಲು. ಒಟ್ಟು 16 ಗೊಂಚಲು.

4, 8, 12, 16. ಇದು ನಾಲ್ಕರ ಮಗ್ಗಿ! ಪ್ರತಿ ಸುತ್ತು ಮುಗಿದ ಮೇಲೆ ಗೊಂಚಲು ಎಣಿಸ್ರಿ. ಮಗ್ಗಿಗೆ ಹೊಂದದಿದ್ದರೆ ಅಲ್ಲಿಯೇ ಬಿಚ್ಚಿರಿ. ನನ್ನ ಮೊದಲ ಚೌಕದಲ್ಲಿ ನಾನು ಎಣಿಸಲಿಲ್ಲ. ಒಂದು ಮೂಲೆ ಬಿಟ್ಟುಹೋಗಿತ್ತು. ಚೌಕ ಹೋಗಿ ಬಟ್ಟಲಾಯಿತು. ಮಕ್ಕಳು ಅದನ್ನು ಗೊಂಬೆಯ ಟೊಪ್ಪಿಗೆ ಮಾಡಿಕೊಂಡರು.

ಗೊಂಚಲು ಸರಿ ಇದ್ದರೂ ಚೌಕ ಬಟ್ಟಲಾಗುತ್ತಿದ್ದರೆ ಕೈ ಬಿಗಿಯಾಗಿದೆ ಎಂದು ತಿಳೀರಿ. ದಾರವನ್ನು ಸಡಿಲ ಬಿಡ್ರಿ. ಅಂಚು ನಿರಿಗೆ ನಿರಿಗೆಯಾದರೆ ಎಲ್ಲಿಯೋ ಕಂಬ ಹೆಚ್ಚಾಗಿದೆ.

ಮುಗಿದ ಚೌಕ ಸುಮಾರು 4 ಇಂಚು ಇರುತ್ತದೆ. ಒಳಗಿನ ಮೂರು ಸುತ್ತಿನ ಬಣ್ಣ ನಿಮ್ಮ ಇಷ್ಟ. ಕೊನೆಯ ಸುತ್ತು ಮಾತ್ರ ಎಲ್ಲ ಚೌಕಕ್ಕೂ ಕಪ್ಪೇ ಇರಲಿ. ಆಗ 18 ಚೌಕವೂ ಒಂದೇ ಮನೆಯವರಂತೆ ಕಾಣುತ್ತವೆ. ದಾರದ ತುದಿಗಳನ್ನು ದೊಡ್ಡ ಸೂಜಿಯಿಂದ ಹಿಂದಿನ ಬದಿ ಒಳಗೆ ಸೇರಿಸ್ರಿ. ಬರೇ ಕತ್ತರಿಸಿದರೆ ನಾಳೆ ಬಿಚ್ಚುತ್ತದೆ.

ಚೀಲ ಜೋಡಿಸುವುದು

ನೆಲದ ಮೇಲೆ 3 ಸಾಲು ಇಡ್ರಿ. ಸಾಲಿಗೆ 3 ಚೌಕ. 3 × 3 = 9. ಇದು ಚೀಲದ ಮುಂದಿನ ಬದಿ. ಇನ್ನೊಂದು 9 ಹಿಂದಿನ ಬದಿ. ಬಣ್ಣ ಬದಲಿಸಿ ನೋಡ್ರಿ. ಒಂದೇ ಬಣ್ಣ ಪಕ್ಕಪಕ್ಕ ಬರದಿದ್ದರೆ ಚಂದ.

ಚೌಕಗಳನ್ನು ಕಪ್ಪು ದಾರದಿಂದ ಹಿಂದಿನ ಬದಿಯಿಂದ ಹೊಲೀರಿ. ಕಂಬಕ್ಕೆ ಕಂಬ, ಮೂಲೆಗೆ ಮೂಲೆ ಕೂಡಬೇಕು. ಆಮೇಲೆ ಎರಡೂ ಬದಿಗಳನ್ನು ಒಂದರ ಮೇಲೊಂದು ಇಟ್ಟು ಮೂರು ಕಡೆ ಹೊಲೀರಿ. ಮೇಲಿನ ಕಡೆ ಬಾಯಿ. ಬಾಯಿಯ ಸುತ್ತ ಎರಡು ಸುತ್ತು ಗಿಡ್ಡ ಕಂಬ ಹಾಕ್ರಿ. ಬಾಯಿ ಜೋಲು ಬೀಳುವುದಿಲ್ಲ.

ಪಟ್ಟಿಗೆ 8 ಸ ಹಾಕ್ರಿ. ಸೂಜಿಯ ಹತ್ತಿರದ ಒಂದನ್ನು ಬಿಟ್ಟು, ಉಳಿದ 7ರಲ್ಲಿ 7 ಗಿಡ್ಡ ಕಂಬ. 1 ಸ ಹಾಕಿ ತಿರುಗಿಸಿ ಮತ್ತೆ 7. ಹೀಗೆ 36 ಇಂಚು ಆಗುವ ತನಕ. ಹೆಣೆದ ಪಟ್ಟಿ ಭಾರಕ್ಕೆ ಜಗ್ಗುತ್ತದೆ. ಅದಕ್ಕೆ ಒಳಬದಿಗೆ ಗಟ್ಟಿ ಬಟ್ಟೆಯ ಪಟ್ಟಿ ಇಟ್ಟು ಹೊಲೀರಿ. ತುದಿಗಳನ್ನು ಚೀಲದ ಎರಡೂ ಬದಿಗೆ ಎರಡೆರಡು ಸಲ ಬಿಗಿಯಾಗಿ ಹೊಲೀರಿ.

ಕೊನೆಗೆ ಅಸ್ತರಿ. ಇದನ್ನು ಬಿಡಬ್ಯಾಡ್ರಿ. ಚೌಕದ ತುಂಬ ತೂತು ಇದೆ. ಅಸ್ತರಿ ಇಲ್ಲದಿದ್ದರೆ ಪೆನ್ಸಿಲ್, ಚಿಲ್ಲರೆ ಎಲ್ಲ ದಾರಿಯಲ್ಲಿ ಬೀಳುತ್ತವೆ. ಬಟ್ಟೆಯನ್ನು ಮಡಚಿ ಎರಡು ಬದಿ ಹೊಲಿದು ಚೀಲದೊಳಗೆ ಇಳಿಸ್ರಿ. ಬಾಯಿಯ ಅಂಚಿಗೆ ಕೂಡಿಸಿ ಹೊಲೀರಿ. ಗುಂಡಿ ಹಚ್ಚಿರಿ. ಎದುರಿಗೆ ಸರಪಳಿಯ ಒಂದು ಕುಣಿಕೆ ಮಾಡ್ರಿ. ಚೀಲ ಸಿದ್ಧ!

ಈಗ ಲೆಕ್ಕ

ಒಂದು ಚೌಕದಲ್ಲಿ 4 + 8 + 12 + 16 = 40 ಗೊಂಚಲು. ಗೊಂಚಲಿಗೆ 3 ಕಂಬ. ಅಂದರೆ 120 ಕಂಬ. 18 ಚೌಕಕ್ಕೆ 2160 ಕಂಬ. ಒಂದು ಚೀಲಕ್ಕೆ ನಿಮ್ಮ ಕೈ “ಮೂರು, ಎರಡು, ಒಂದು” ಎಂದು ಸುಮಾರು 2160 ಸಲ ತಿರುಗಿದೆ.

ಕೈ ಕೂಡಿದವರಿಗೆ ಒಂದು ಚೌಕಕ್ಕೆ 20 ನಿಮಿಷ ಹಿಡಿಯಿತು ಎನ್ನೋಣ. 18 × 20 = 360 ನಿಮಿಷ. ಅಂದರೆ 6 ತಾಸು. ಜೋಡಣೆ, ಪಟ್ಟಿ, ಅಸ್ತರಿಗೆ 4 ತಾಸು. ಒಟ್ಟು 10 ತಾಸು.

ಲೆಕ್ಕ ಕಲಿಯಲಿಕ್ಕೆ ದರಗಳನ್ನು ಹೀಗೆ ಹಿಡಿಯೋಣ. ನಿಮ್ಮೂರ ದರ ಬೇರೆ ಇದ್ದರೆ ಅದನ್ನೇ ಹಾಕ್ರಿ.

ದಾರ: 200 ರೂಪಾಯಿ.
ಗುಂಡಿ, ಪಟ್ಟಿ, ಹೊಲಿಗೆ ದಾರ: 50 ರೂಪಾಯಿ.
ಕೂಲಿ: ದಿನಕ್ಕೆ 8 ತಾಸಿಗೆ 300 ರೂಪಾಯಿ ಹಿಡಿದರೆ, 10 ತಾಸಿಗೆ 375 ರೂಪಾಯಿ.
ಒಟ್ಟು: 625 ರೂಪಾಯಿ.

ಅಕ್ಕ ಮಾರಿದ್ದು 350ಕ್ಕೆ. ಸಾಮಾನಿನ 250 ಕಳೆದರೆ ಉಳಿದದ್ದು 100. 10 ತಾಸಿಗೆ 100. ತಾಸಿಗೆ 10 ರೂಪಾಯಿ. ಕಪ್ಪು ಹಲಗೆಯ ಮೇಲೆ ಇದನ್ನು ಬರೆದಾಗ ಕೇಂದ್ರದಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕ ಅಂದರು, “ಹೊಲಕ್ಕ ಹೋದ್ರ ತಾಸು ಎಣಸ್ತೀವಿ. ಮನ್ಯಾಗ ಕುಂತದ್ದು ಎಣಸಂಗಿಲ್ಲ.”

ಇದು ನಮ್ಮ ಕಡೆಯ ಮಾತಷ್ಟೇ ಅಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ ನರಸಾಪುರ ಎಂಬ ಊರಿದೆ. ಅಲ್ಲಿ 1800ರ ನಂತರ ಮಿಷನರಿಗಳು ಈ ಕೆಲಸ ಕಲಿಸಿದರು. ಸುತ್ತಲಿನ ಹಳ್ಳಿಗಳ ಸಾವಿರಾರು ಹೆಂಗಸರು ಕ್ರೋಶಾ ಲೇಸ್ ಹೆಣೆಯುತ್ತಾರೆ. ಅದು ಹೊರದೇಶಕ್ಕೆ ಹೋಗುತ್ತದೆ. ಜರ್ಮನಿಯ ಮರಿಯಾ ಮೀಸ್ ಎಂಬ ಸಮಾಜಶಾಸ್ತ್ರಜ್ಞೆ ಅಲ್ಲಿ ಹೋಗಿ ನೋಡಿ 1982ರಲ್ಲಿ ಒಂದು ಪುಸ್ತಕ ಬರೆದರು. ಹೆಂಗಸರು ದಿನಕ್ಕೆ ಎಷ್ಟೋ ತಾಸು ಹೆಣೆಯುತ್ತಿದ್ದರು. ಆದರೂ ಎಲ್ಲರೂ ಅದಕ್ಕೆ ಪುರುಸೊತ್ತಿನ ಕೆಲಸ ಅನ್ನುತ್ತಿದ್ದರು. ಹಂಗಂದು ಕೂಲಿ ಬಹಳ ಕಡಿಮೆ ಕೊಡುತ್ತಿದ್ದರು. ಹೂವು ಹೆಣೆಯುವವರು ಒಬ್ಬರು, ಜೋಡಿಸುವವರು ಇನ್ನೊಬ್ಬರು. ವ್ಯಾಪಾರ ಬೇರೆಯವರದು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಆ ಹೆಸರನ್ನು ಬೇರೆ ಊರಿನವರು ಬಳಸುವಂತಿಲ್ಲ.

ನಾವು ಇದರಿಂದ ಕಲಿಯುವುದು ಇಷ್ಟು. ಯಾರಾದರೂ ಬಂದು “ಬರೇ ಚೌಕ ಹೆಣೆದು ಕೊಡ್ರಿ, ಜೋಡಿಸೋದು ನಾವು ಮಾಡ್ತೀವಿ” ಅಂದರೆ, ಚೀಲ ಎಷ್ಟಕ್ಕೆ ಮಾರುತ್ತದೆ ಎಂದು ಮೊದಲು ಕೇಳಿರಿ. ಒಮ್ಮೆಯಾದರೂ ಪೂರ್ತಿ ಚೀಲ ನೀವೇ ಮಾಡಿ ನೋಡ್ರಿ. ಆಗ ಪೂರ್ತಿ ಲೆಕ್ಕ ನಿಮ್ಮ ಕೈಯಲ್ಲಿ ಇರುತ್ತದೆ.

625 ಎಂದರೆ ಕೊಳ್ಳುವವರು ಹಿಂದೆ ಸರಿಯಬಹುದು. ಆಗ ಸಣ್ಣ ಚೀಲ ಮಾಡಬಹುದು. 2 ಸಾಲು, ಸಾಲಿಗೆ 2 ಚೌಕ. ಎರಡೂ ಬದಿಗೆ ಕೂಡಿ 8 ಚೌಕ ಸಾಕು. ಬಚತ ಗಟದವರು ಕೂಡಿ ದಾರ ತಂದರೆ ಖರ್ಚು ಇಳಿಯುತ್ತದೆ. ದರ ಇಳಿಸುವುದೂ ನಿಮ್ಮ ಇಷ್ಟ. ಆದರೆ ಎಷ್ಟು ಇಳಿಸಿದೆ ಎಂಬುದು ಗೊತ್ತಿರಲಿ.

ಮೊದಲ ಚೀಲ ಮಾರಬ್ಯಾಡ್ರಿ. ಅದು ನಿಮಗೇ ಇರಲಿ. ಈ ಪುಸ್ತಕ, ಒಂದು ನೋಟುಬುಕ್ಕು, ಬ್ಯಾಂಕಿನ ಪಾಸ್‌ಬುಕ್ಕು ಅದರಲ್ಲಿ ಹಿಡಿಯುತ್ತವೆ. ಹೆಗಲಿಗೆ ಹಾಕಿಕೊಂಡು ಕೇಂದ್ರಕ್ಕೆ ಬರ್ರಿ.

ಅಭ್ಯಾಸ

1. ಓದಿ ಹೇಳಿರಿ: ಸರಪಳಿ, ಕಂಬ, ಕೊಂಡಿ, ಗೊಂಚಲು, ಅಸ್ತರಿ.
2. ಚೌಕಕ್ಕೆ 5ನೇ ಸುತ್ತು ಹಾಕಿದರೆ ಆ ಸುತ್ತಿನಲ್ಲಿ ಎಷ್ಟು ಗೊಂಚಲು ಬರುತ್ತವೆ?
3. 8 ಚೌಕದ ಸಣ್ಣ ಚೀಲದಲ್ಲಿ ಒಟ್ಟು ಎಷ್ಟು ಕಂಬ?
4. ಈ ವಾರ ಮನೆಯಲ್ಲಿ ಕುಳಿತು ಮಾಡಿದ ಕೆಲಸಗಳನ್ನು ಬರೆಯಿರಿ. ಹೆಣಿಗೆ, ಹೊಲಿಗೆ, ಕಾಳು ಹಸನು ಮಾಡುವುದು, ಏನೇ ಇರಲಿ. ಪ್ರತಿಯೊಂದರ ಮುಂದೆ ಎಷ್ಟು ತಾಸು ಎಂದು ಬರೆಯಿರಿ. ಕೂಡಿಸಿ ತರ್ರಿ. ಮುಂದಿನ ವಾರ ಕೇಂದ್ರದಲ್ಲಿ ಓದೋಣ.